ಮೆನೊನೈಟ್ ಡಿಸಾಸ್ಟರ್ ಸರ್ವಿಸ್

ಮೆನೊನೈಟ್ ಡಿಸಾಸ್ಟರ್ ಸರ್ವಿಸ್ (ಎಂ.ಡಿ.ಎಸ್.) ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾ ದೇಶಗಳಲ್ಲಿ ಚಂಡಮಾರುತ, ಸುಂಟರಗಾಳಿ, ನೆರೆ, ಕಾಳ್ಗಿಚ್ಚುಗಳಿಂದ ಮನೆ ಕಳೆದುಕೊಂಡವರಿಗೆ ಸ್ವಯಂಸೇವಕರ ಶ್ರಮದಿಂದ ಮನೆಗಳನ್ನು ದುರಸ್ತಿ ಮಾಡಿಕೊಡುವ ಹಾಗೂ ಹೊಸದಾಗಿ ಕಟ್ಟಿಕೊಡುವ ಕ್ರೈಸ್ತ ಸೇವಾಸಂಸ್ಥೆ. ಮೆನೊನೈಟ್, ಆಮಿಶ್ ಮೊದಲಾದ ಅನಾಬ್ಯಾಪ್ಟಿಸ್ಟ್ ಪರಂಪರೆಯ ಚರ್ಚುಗಳು ಇದಕ್ಕೆ ಆಧಾರ. 1950ರಲ್ಲಿ ಕಾನ್ಸಾಸ್ ರಾಜ್ಯದ ಹೆಸ್ಟನ್ ಪಟ್ಟಣದಲ್ಲಿ ಇದು ಆರಂಭವಾಯಿತು. ಪ್ರಧಾನ ಕಚೇರಿ ಪೆನ್ಸಿಲ್ವೇನಿಯ ರಾಜ್ಯದ ಲಿಟಿಟ್ಸ್‌ನಲ್ಲಿದೆ. ಕೆನಡಾದ ಕಚೇರಿ ವಿನ್ನಿಪೆಗ್‌ನಲ್ಲಿದೆ.

ಹಿನ್ನೆಲೆ

ಅನಾಬ್ಯಾಪ್ಟಿಸ್ಟ್ ಪಂಥವು 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಹುಟ್ಟಿತು. ಡಚ್ ಧರ್ಮಗುರು ಮೆನೊ ಸೈಮನ್ಸ್ ಅವರ ಹೆಸರಿನಿಂದ ಅದರ ಒಂದು ಶಾಖೆಗೆ ಮೆನೊನೈಟ್ ಎಂಬ ಹೆಸರು ಬಂದಿತು. ಆಯುಧ ಹಿಡಿಯಬಾರದೆಂಬುದು ಇವರ ಮುಖ್ಯ ನಂಬಿಕೆಗಳಲ್ಲೊಂದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಲೊಪ್ಪದ ಅನೇಕ ಯುವಕರು ಅದರ ಬದಲಿಗೆ ಅರಣ್ಯರಕ್ಷಣೆ, ಭೂಸಂರಕ್ಷಣೆ ಹಾಗೂ ಮನೋರೋಗಿಗಳ ಆಸ್ಪತ್ರೆಗಳಲ್ಲಿ ದುಡಿದರು. ಅಂತಹ ಸೇವೆ ಶಾಂತಿಕಾಲದಲ್ಲೂ ಮುಂದುವರಿಯಬೇಕೆಂಬ ಬಯಕೆಯು ಈ ಸಂಸ್ಥೆಯ ಹುಟ್ಟಿಗೆ ಪ್ರೇರಣೆಯಾಯಿತು. ನೆರೆಯವರ ಕೊಟ್ಟಿಗೆ ಸುಟ್ಟುಹೋದರೆ ಊರವರೆಲ್ಲ ಕೂಡಿ ಕಟ್ಟಿಕೊಡುವ ಆಮಿಶ್ ರೈತರ ಪದ್ಧತಿಯೂ ಇದಕ್ಕೆ ಹತ್ತಿರವಾದುದು.

ಕಾರ್ಯವಿಧಾನ

ವಿಪತ್ತಿನ ಮೊದಲ ವಾರಗಳಲ್ಲಿ ಅನ್ನ, ಬಟ್ಟೆ, ಹಣ ಎಲ್ಲ ಕಡೆಯಿಂದಲೂ ಹರಿದುಬರುತ್ತವೆ. ಕೆಲವು ತಿಂಗಳು ಕಳೆದ ಮೇಲೆ ಜನರ ಗಮನ ಬೇರೆಡೆಗೆ ಹೊರಳುತ್ತದೆ. ಆಗಲೂ ಮನೆಯಿಲ್ಲದೆ ಉಳಿಯುವವರು ವಿಮೆಯಿಲ್ಲದವರು, ವೃದ್ಧರು, ಅಂಗವಿಕಲರು ಮತ್ತು ಕಡಿಮೆ ಆದಾಯದ ಕುಟುಂಬಗಳು. ಸಂಸ್ಥೆಯು ಆರಂಭದಲ್ಲಿ ಅವಶೇಷಗಳ ತೆರವಿಗೆ ನೆರವಾದರೂ ಅದರ ಮುಖ್ಯ ಕೆಲಸ ಈ ಎರಡನೆಯ ಹಂತದ್ದು. ಅದು ಅನೇಕ ವೇಳೆ ವರ್ಷಗಟ್ಟಲೆ ನಡೆಯುತ್ತದೆ.

ನೆರವಿಗೆ ಅರ್ಹರಾದ ಕುಟುಂಬಗಳನ್ನು ಗುರುತಿಸಿ, ಸಾಮಗ್ರಿಗೆ ಹಣ ಹೊಂದಿಸುವ ಹೊಣೆಯನ್ನು ಬಹುಮಟ್ಟಿಗೆ ಸ್ಥಳೀಯ ಪುನರ್ವಸತಿ ಸಮಿತಿಗಳು ಹೊರುತ್ತವೆ. ಸಂಸ್ಥೆ ಶ್ರಮವನ್ನು ಒದಗಿಸುತ್ತದೆ. ಕೂಲಿಯ ವೆಚ್ಚವಿಲ್ಲದ್ದರಿಂದ ಅದೇ ಹಣದಲ್ಲಿ ಹೆಚ್ಚು ಮನೆಗಳು ಏಳುತ್ತವೆ. ನೆರವು ಪಡೆಯುವವರ ಧರ್ಮವನ್ನು ಪರಿಗಣಿಸುವುದಿಲ್ಲ.

ಸ್ವಯಂಸೇವಕರು ಸಾಮಾನ್ಯವಾಗಿ ಒಂದು ವಾರಕ್ಕೆ ಬರುತ್ತಾರೆ. ಮೇಲ್ವಿಚಾರಕರು ಮತ್ತು ಅಡುಗೆಯವರು ಹೆಚ್ಚು ಕಾಲ ಉಳಿಯುತ್ತಾರೆ. ಚರ್ಚಿನ ಸಭಾಂಗಣಗಳಲ್ಲಿ ಅಥವಾ ತಾತ್ಕಾಲಿಕ ಬಿಡಾರಗಳಲ್ಲಿ ವಸತಿ. ಬಡಗಿತನ ತಿಳಿಯದವರಿಗೂ ಸ್ಥಳದಲ್ಲೇ ಕೆಲಸ ಕಲಿಸಲಾಗುತ್ತದೆ. ನೆರೆನೀರು ನುಗ್ಗಿದ ಮರದ ಮನೆಯಲ್ಲಿ ನೆನೆದ ಗೋಡೆಹಲಗೆಗಳನ್ನು ಕಿತ್ತು, ಚೌಕಟ್ಟನ್ನು ಒಣಗಿಸಿ, ಬೂಷ್ಟು ತೆಗೆದ ಬಳಿಕವೇ ಹೊಸ ಗೋಡೆ ಕೂರಿಸಬೇಕು.

ಪ್ರಮುಖ ಕಾರ್ಯಗಳು

1964ರಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ಜನಾಂಗದ್ವೇಷಿಗಳು ಕಪ್ಪುಜನರ ಅನೇಕ ಚರ್ಚುಗಳನ್ನು ಸುಟ್ಟುಹಾಕಿದರು. ಅವುಗಳ ಮರುನಿರ್ಮಾಣದಲ್ಲಿ ಸಂಸ್ಥೆಯ ಸ್ವಯಂಸೇವಕರು ಪಾಲ್ಗೊಂಡರು. 2005ರ ಆಗಸ್ಟ್‌ನಲ್ಲಿ ಅಪ್ಪಳಿಸಿದ ಕತ್ರಿನಾ ಚಂಡಮಾರುತದ ನಂತರ ಲೂಸಿಯಾನ, ಮಿಸಿಸಿಪ್ಪಿ ಮೊದಲಾದ ಕರಾವಳಿ ರಾಜ್ಯಗಳಲ್ಲಿ ಹಲವು ವರ್ಷ ಕೆಲಸ ನಡೆಯಿತು. 2012ರ ಸ್ಯಾಂಡಿ, 2017ರ ಹಾರ್ವಿ ಮತ್ತು ಮರಿಯಾ ಚಂಡಮಾರುತಗಳ ಬಳಿಕವೂ ಸಂಸ್ಥೆ ಮನೆಗಳನ್ನು ಕಟ್ಟಿಕೊಟ್ಟಿತು.

ಇತಿಮಿತಿಗಳು

ದೊಡ್ಡ ಚಂಡಮಾರುತವೊಂದರಲ್ಲಿ ಹಾಳಾಗುವ ಮನೆಗಳ ಸಂಖ್ಯೆಗೆ ಹೋಲಿಸಿದರೆ ಸ್ವಯಂಸೇವಕರು ಕಟ್ಟಬಲ್ಲ ಮನೆಗಳು ಕೆಲವೇ. ತಂಡಗಳು ವಾರಕ್ಕೊಮ್ಮೆ ಬದಲಾಗುವುದರಿಂದ ಕೆಲಸದ ವೇಗವೂ ಮಿತವಾಗಿರುತ್ತದೆ. ತಗ್ಗು ಕರಾವಳಿಯಲ್ಲಿ ಮುಂದಿನ ನೆರೆಯಿಂದ ರಕ್ಷಣೆಗಾಗಿ ಮನೆಯನ್ನು ಎತ್ತರದ ಕಂಬಗಳ ಮೇಲೆ ಕಟ್ಟಬೇಕಾಗುವುದು ವೆಚ್ಚವನ್ನು ಹೆಚ್ಚಿಸುತ್ತದೆ. ಆದ್ದರಿಂದ ಇಂತಹ ಸೇವೆಯು ಸರ್ಕಾರದ ನೆರವು ಹಾಗೂ ವಿಮೆಗಳ ಸ್ಥಾನವನ್ನು ತುಂಬಲಾರದು. ಅವೆರಡೂ ತಲುಪದ ಕುಟುಂಬಗಳಿಗೆ ಆಸರೆಯಾಗುತ್ತದೆ.