ಕತ್ತರಿಯಿಂದ ಕೀವರ್ಡ್‌ವರೆಗೆ

ಯಾವುದೇ ಕಂಪನಿಯ ಮಾರ್ಕೆಟಿಂಗ್ ಟೀಮಿನವರನ್ನು ಕೇಳಿ ನೋಡಿ. ಅವರು ಬೆಳಗ್ಗೆ ಲ್ಯಾಪ್‌ಟಾಪ್ ತೆರೆಯುವ ಹೊತ್ತಿಗೆ ಒಂದು ಮೇಲ್ ಬಂದು ಕೂತಿರುತ್ತದೆ. ಕಂಪನಿಯ ಹೆಸರು ನಿನ್ನೆಯಿಂದ ಇವತ್ತಿನವರೆಗೆ ವೆಬ್ಬಿನಲ್ಲಿ ಎಲ್ಲೆಲ್ಲಿ ಬಂತು ಅನ್ನುವ ಪಟ್ಟಿ ಅದರಲ್ಲಿರುತ್ತದೆ. ಕೆಲಸ ಬದಲಿಸಬೇಕು ಅನ್ನುವವರು ಹುದ್ದೆಯ ಹೆಸರಿಗೆ, ಸೈಟು ಕೊಂಡವರು ಬಡಾವಣೆಯ ಹೆಸರಿಗೆ, ಇನ್ನು ಕೆಲವರು ಗುಟ್ಟಾಗಿ ತಮ್ಮದೇ ಹೆಸರಿಗೆ ಅಲರ್ಟ್ ಇಟ್ಟುಕೊಂಡಿರುತ್ತಾರೆ. ಒಂದು ಪದ ಕೊಟ್ಟು ಸುಮ್ಮನಾದರೆ ಸಾಕು, ಉಳಿದದ್ದನ್ನು ಯಂತ್ರ ನೋಡಿಕೊಳ್ಳುತ್ತದೆ.

ಇದೆಲ್ಲ ಇಂಟರ್ನೆಟ್ ತಂದುಕೊಟ್ಟ ಸೌಕರ್ಯ ಅಂತ ನಮಗೆ ಅನಿಸೋದು ಸಹಜ. ಆದರೆ ಪದ ಕೊಟ್ಟು ಸುದ್ದಿ ತರಿಸಿಕೊಳ್ಳುವ ವ್ಯಾಪಾರಕ್ಕೆ ನೂರನಲವತ್ತು ವರ್ಷ ದಾಟಿದೆ. ಆಗ ಸರ್ವರ್ ಇರಲಿಲ್ಲ, ಕತ್ತರಿ ಮತ್ತು ಅಂಟು ಇದ್ದವು.

1879ರಲ್ಲಿ ಪ್ಯಾರಿಸ್‌ನಲ್ಲಿ 'ಆರ್ಗಸ್ ದ ಲಾ ಪ್ರೆಸ್' ಅನ್ನುವ ಸಂಸ್ಥೆ ಶುರುವಾಯಿತು. ಆರ್ಗಸ್ ಅಂದರೆ ಗ್ರೀಕ್ ಪುರಾಣದ ನೂರು ಕಣ್ಣಿನ ದೈತ್ಯ, ನಮ್ಮ ಸಹಸ್ರಾಕ್ಷ ಇಂದ್ರನ ದೂರದ ನೆಂಟ ಅನ್ನಿ. ಪತ್ರಿಕೆಗಳನ್ನೆಲ್ಲ ಓದಿ, ಗಿರಾಕಿಯ ಹೆಸರು ಬಂದ ಕಡೆ ಕತ್ತರಿಸಿ ಕಳಿಸುವುದು ಅದರ ಕೆಲಸ. ನಾವು ಪೇಪರ್ ಕಟಿಂಗ್ ಅಂತೀವಲ್ಲ, ಅದನ್ನೇ ಅವರು ದುಡ್ಡಿಗೆ ಮಾಡಿಕೊಟ್ಟರು. ಎರಡೇ ವರ್ಷಕ್ಕೆ, 1881ರಲ್ಲಿ, ಹೆನ್ರಿ ರೊಮೈಕ್ ಎಂಬಾತ ಲಂಡನ್ನಿನಲ್ಲಿ ಇದೇ ವ್ಯವಹಾರ ತೆರೆದ. ಮುಂದೆ ನ್ಯೂಯಾರ್ಕಿಗೂ ಹೋದ. 1888ರಲ್ಲಿ ಅಲ್ಲೇ ಫ್ರಾಂಕ್ ಬರೆಲ್ ಇನ್ನೊಂದು ಬ್ಯೂರೋ ಇಟ್ಟ. ನಟರು, ಚಿತ್ರಕಾರರು, ಲೇಖಕರು, ರಾಜಕಾರಣಿಗಳು, ವ್ಯಾಪಾರಿಗಳು ಇವರ ಗಿರಾಕಿಗಳಾದರು. ತನ್ನ ಬಗ್ಗೆ ಜನ ಏನಂದರು ಅಂತ ತಿಳಿಯುವ ಚಪಲ ಎಲ್ಲ ಕಾಲಕ್ಕೂ ಒಂದೇ!

ಈ ಬ್ಯೂರೋಗಳಲ್ಲಿ ಕೂತು ಪತ್ರಿಕೆ ಓದುತ್ತಿದ್ದವರಲ್ಲಿ ಹೆಚ್ಚಿನವರು ಯುವತಿಯರು. ಗಿರಾಕಿಗಳು ಕೊಟ್ಟ ಹೆಸರು ಮತ್ತು ವಿಷಯಗಳ ಉದ್ದುದ್ದ ಪಟ್ಟಿಯನ್ನು ತಲೆಯಲ್ಲಿಟ್ಟುಕೊಂಡು ಅವರು ಪುಟದ ಮೇಲೆ ಕಣ್ಣಾಡಿಸುತ್ತಿದ್ದರು. ಸಿಕ್ಕ ಕಡೆ ಪೆನ್ಸಿಲ್ ಗುರುತು ಹಾಕಿ ಮುಂದಕ್ಕೆ ಕೊಟ್ಟರೆ, ಇನ್ನೊಬ್ಬರು ಕತ್ತರಿಸುತ್ತಿದ್ದರು. ಮತ್ತೊಬ್ಬರು ಪತ್ರಿಕೆಯ ಹೆಸರು, ತಾರೀಖು ಇರುವ ಚೀಟಿಗೆ ಅಂಟಿಸುತ್ತಿದ್ದರು. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಸರ್ಚ್ ಇಂಜಿನ್ನಿನ ಇಂಡೆಕ್ಸ್ ಆ ಹುಡುಗಿಯರ ನೆನಪಿನಲ್ಲಿತ್ತು. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಹೆಸರಿನ ಕಾಗುಣಿತ ತಪ್ಪಿದ್ದರೂ ಅವರಿಗೆ ಗೊತ್ತಾಗುತ್ತಿತ್ತು. ಹೆಸರೇ ಹಾಕದೆ 'ಆ ನಾಟಕದ ನಾಯಕಿ' ಅಂತ ಬರೆದಿದ್ದರೂ ಯಾರಿಗೆ ಕಳಿಸಬೇಕು ಅಂತ ಹೊಳೆಯಬಹುದಿತ್ತು. ಪದವನ್ನು ಗಿರಾಕಿ ಕೊಡುತ್ತಿದ್ದ, ವಿವೇಕವನ್ನು ಓದುವವರು ಸೇರಿಸುತ್ತಿದ್ದರು.

ಆದರೆ ಪದ ಆರಿಸುವವನ ಮನಸ್ಸಿನಲ್ಲೇ ಐಬು ಇದ್ದರೆ? ಅದಕ್ಕೆ ಜರ್ಮನಿಯ ಅರ್ನ್ಸ್ಟ್ ಗೆರ್ಕೆಯ ಕಥೆ ಕೇಳಿ. ಈತ ಸಾಮಾನ್ಯನಲ್ಲ, ಒಳ್ಳೆಯ ಪ್ರಯೋಗಶೀಲ ಭೌತವಿಜ್ಞಾನಿ. ಆದರೆ ಐನ್‌ಸ್ಟೀನ್‌ನ ಸಾಪೇಕ್ಷತಾ ಸಿದ್ಧಾಂತ ಅಂದರೆ ಆಗುತ್ತಿರಲಿಲ್ಲ. 1919ರ ಗ್ರಹಣದ ವೀಕ್ಷಣೆಗಳ ನಂತರ ಐನ್‌ಸ್ಟೀನ್ ಜಗತ್ತಿಗೆಲ್ಲ ಹೀರೋ ಆದಾಗ, ಗೆರ್ಕೆ ಆ ಕುರಿತ ಪತ್ರಿಕಾ ತುಣುಕುಗಳನ್ನು ಸಾವಿರಗಟ್ಟಲೆ ಕೂಡಿಹಾಕಿದ. ಅವುಗಳನ್ನೇ ಸಾಕ್ಷಿ ಮಾಡಿಕೊಂಡು 1924ರಲ್ಲಿ ಪುಸ್ತಕ ಬರೆದ. ಸಾಪೇಕ್ಷತೆ ವಿಜ್ಞಾನವೇ ಅಲ್ಲ, ಪತ್ರಿಕೆಗಳು ಹಬ್ಬಿಸಿದ ಸಮೂಹ ಸನ್ನಿ ಅನ್ನುವುದು ಅವನ ವಾದ. ಸನ್ನಿಯನ್ನೇ ಹುಡುಕಿದವನಿಗೆ ಪ್ರತಿ ತುಣುಕಿನಲ್ಲೂ ಸನ್ನಿಯೇ ಕಂಡಿತು. ಇಷ್ಟೊಂದು ಕಾಗದ ಗುಡ್ಡೆ ಹಾಕಿದರೂ ಅವನ ಅಭಿಪ್ರಾಯ ಕೂದಲೆಳೆಯಷ್ಟೂ ಅಲುಗಾಡಲಿಲ್ಲ. ಇವತ್ತು ಫೋನಿನಲ್ಲಿ ನಮಗೆ ಬೇಕಾದ ವಾದಕ್ಕೆ ಬೇಕಾದ ಲಿಂಕುಗಳನ್ನು ಕೂಡಿಸಿಕೊಳ್ಳುವ ನಾವು ಗೆರ್ಕೆಯನ್ನು ನೋಡಿ ನಗುವ ಹಾಗಿಲ್ಲ.

ಕತ್ತರಿಯ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಯೋಚನೆಗೆ ಸ್ಪಷ್ಟ ರೂಪ ಕೊಟ್ಟವನು ಐಬಿಎಂನ ಹಾನ್ಸ್ ಪೀಟರ್ ಲೂನ್. ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಈತ ಮೊದಲು ಬಟ್ಟೆ ಉದ್ಯಮದಲ್ಲಿದ್ದ. ಬಟ್ಟೆಯ ಎಳೆಗಳನ್ನು ಎಣಿಸುವ ಸಾಧನ ಕಂಡುಹಿಡಿದವನು. ನಿಮ್ಮ ಕ್ರೆಡಿಟ್ ಕಾರ್ಡಿನ ಸಂಖ್ಯೆ ತಪ್ಪಾಗಿ ಟೈಪಾದರೆ ವೆಬ್‌ಸೈಟು ತಕ್ಷಣ ಹಿಡಿಯುತ್ತದಲ್ಲ, ಆ ಲೆಕ್ಕವೂ ಇವನದೇ. 1958ರಲ್ಲಿ ಲೂನ್ ಐಬಿಎಂ ಜರ್ನಲ್ಲಿನಲ್ಲಿ ಬರೆದ ಲೇಖನದ ತಲೆಬರಹ 'ಎ ಬಿಸಿನೆಸ್ ಇಂಟೆಲಿಜೆನ್ಸ್ ಸಿಸ್ಟಮ್'. ಹೌದು, ನಿಮ್ಮ ಆಫೀಸಿನ ಡ್ಯಾಶ್‌ಬೋರ್ಡುಗಳ ಮೇಲಿರುವ ಅದೇ 'ಬಿಐ'. ಸಂಸ್ಥೆಯ ಪ್ರತಿಯೊಬ್ಬರಿಗೂ ಪದಗಳಿಂದ ಕಟ್ಟಿದ ಒಂದು ಪ್ರೊಫೈಲ್ ಇರಬೇಕು. ಹೊಸ ದಾಖಲೆ ಬಂದಾಗ ಯಂತ್ರ ಅದರ ಪದಗಳನ್ನು ಎಣಿಸಿ, ಸಾರಾಂಶ ತೆಗೆದು, ಯಾರ ಪ್ರೊಫೈಲಿಗೆ ಹೊಂದುತ್ತದೋ ಅವರಿಗೆ ಕಳಿಸಬೇಕು. ಎಳೆ ಎಣಿಸಿದವನು ಪದ ಎಣಿಸಿದ, ಅಷ್ಟೇ. ವ್ಯಕ್ತಿಯ ಆಸಕ್ತಿ ಬದಲಾದಂತೆ ಪ್ರೊಫೈಲೂ ಬದಲಾಗುತ್ತಿರಬೇಕು ಅನ್ನುವುದನ್ನೂ ಲೂನ್ ಆಗಲೇ ಯೋಚಿಸಿದ್ದ.

1965ರ ಹೊತ್ತಿಗೆ ಯೂಜೀನ್ ಗಾರ್ಫೀಲ್ಡ್ ಇನ್ನೊಂದು ಜಾಣ ದಾರಿ ತೆಗೆದ. ಆತನ ಸಂಸ್ಥೆಯ ಸೇವೆಯ ಹೆಸರಿನಲ್ಲೇ 'ಅಲರ್ಟ್' ಅನ್ನುವ ಪದವಿತ್ತು. ವಿಜ್ಞಾನಿ ಪದವನ್ನಲ್ಲದೆ ಒಂದು ಹಳೆಯ ಪ್ರಬಂಧವನ್ನೇ ಗುರುತಾಗಿ ಕೊಡಬಹುದಿತ್ತು. ಆ ಪ್ರಬಂಧವನ್ನು ಯಾರಾದರೂ ಹೊಸದಾಗಿ ಉಲ್ಲೇಖಿಸಿದರೆ ಸುದ್ದಿ ಬರುತ್ತಿತ್ತು. ಪದ ಬದಲಾದರೂ ವಂಶಾವಳಿ ಸಿಗುತ್ತದೆ ಅನ್ನುವ ಲೆಕ್ಕಾಚಾರ.

ಇದೇ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲೂ ಈ ವಿಷಯದ ಬಗ್ಗೆ ಗಂಭೀರ ಕೆಲಸ ನಡೆಯುತ್ತಿತ್ತು. ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ 1962ರಲ್ಲಿ ಇಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಕಟ್ಟಿದರು. ಅವರ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸಿ ಅನ್ನುವುದು. ಹೊಸ ಸಂಶೋಧನೆಗಳನ್ನು ಜಾಲಾಡಿ, ಯಾವ ವಿಜ್ಞಾನಿಗೆ ಯಾವುದು ಬೇಕು ಅಂತ ಅರಿತು ತಲುಪಿಸುವವರನ್ನು ತಯಾರು ಮಾಡಿದ ಕೇಂದ್ರ ಅದು. ರಂಗನಾಥನ್ 1972ರಲ್ಲಿ ತೀರಿಕೊಂಡಿದ್ದೂ ಇದೇ ಊರಿನಲ್ಲಿ. ಅಲರ್ಟ್ ಇಟ್ಟುಕೊಂಡು ಓಡಾಡುವ ಐಟಿ ಜನಕ್ಕೆ ಈ ಹಿರಿಯರ ಪರಿಚಯ ಅಷ್ಟಾಗಿ ಇಲ್ಲ ಅನ್ನುವುದು ಸ್ವಲ್ಪ ಬೇಸರದ ಸಂಗತಿ.

2003ರಲ್ಲಿ ಗೂಗಲ್ ಅಲರ್ಟ್ಸ್ ಬಂತು. ಅದನ್ನು ರೂಪಿಸಿದವರು ಆಂಧ್ರ ಮೂಲದ ಎಂಜಿನಿಯರ್ ನಾಗ ಕಾಟಾರು. ಬ್ಯೂರೋಗಳು ತುಣುಕಿಗಿಷ್ಟು ಅಂತ ಎಣಿಸಿ ದುಡ್ಡು ತೆಗೆದುಕೊಳ್ಳುತ್ತಿದ್ದ ಸೇವೆ ಈಗ ಬಿಟ್ಟಿಯಾಯಿತು. ಅದರ ಜೊತೆಗೆ, ಪೆನ್ಸಿಲ್ ಹಿಡಿದು ಕೂತಿದ್ದ ಆ ಹುಡುಗಿಯ ವಿವೇಕವೂ ನಮ್ಮ ನಡುವಿನಿಂದ ಎದ್ದು ಹೋಯಿತು. ಬಿಟ್ಟಿ ಸೇವೆಗೆ ಗ್ಯಾರಂಟಿಯೂ ಇಲ್ಲ. 2013ರ ಜುಲೈನಲ್ಲಿ ಗೂಗಲ್ ರೀಡರ್ ಮುಚ್ಚಿದಾಗ ಅಲರ್ಟ್‌ಗಳ ಆರ್‌ಎಸ್‌ಎಸ್ ಫೀಡ್ ಕೂಡ ನಿಂತಿತು, ಕೆಲವು ತಿಂಗಳ ಮೇಲೆ ಮರಳಿ ಬಂತು. ಆ ನಡುವೆ ಏನೇನು ತಪ್ಪಿತು ಅಂತ ಯಾರಿಗೆ ಗೊತ್ತು? ಬಾರದ ಅಲರ್ಟ್ ತಾನು ಬಂದಿಲ್ಲ ಅಂತ ಹೇಳುವುದಿಲ್ಲ.

ಕನ್ನಡಿಗರಿಗೆ ಇದರ ಬಿಸಿ ಇನ್ನೂ ಜಾಸ್ತಿ. 2014ರ ನವೆಂಬರ್ 1ರಂದು ಸರ್ಕಾರ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರನ್ನು ಬದಲಿಸಿತು. ಬ್ಯಾಂಗಲೋರ್ ಬೆಂಗಳೂರು ಆಯಿತು, ಬೆಲ್ಗಾಮ್ ಬೆಳಗಾವಿ ಆಯಿತು, ಗುಲ್ಬರ್ಗ ಕಲಬುರಗಿ ಆಯಿತು. ಹಳೆಯ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಬಿಗಿಯಾಗಿ ಕಟ್ಟಿಟ್ಟು ಅಲರ್ಟ್ ಮಾಡಿದ್ದವರಿಗೆ ತಮ್ಮದೇ ಊರಿನ ಸುದ್ದಿ ಕ್ರಮೇಣ ಬತ್ತಿಹೋಗಿರಬೇಕು. ಇನ್ನು ಕನ್ನಡದಲ್ಲೇ ಪದ ಕೊಟ್ಟರೆ ವಿಭಕ್ತಿಯ ಕಾಟ. ಬೆಳ್ಳಂದೂರು, ಬೆಳ್ಳಂದೂರಿನ, ಬೆಳ್ಳಂದೂರಲ್ಲಿ, ಬೆಳ್ಳಂದೂರಿಗೆ: ನಮಗೆ ಒಂದೇ ಊರು, ಅಕ್ಷರ ಹೋಲಿಸುವ ಯಂತ್ರಕ್ಕೆ ನಾಲ್ಕು ಪದ. ಯೂನಿಕೋಡ್ ನೆಲೆಯೂರುವ ಮುಂಚೆ ಹಲವು ಕನ್ನಡ ಜಾಲತಾಣಗಳು ತಮ್ಮದೇ ಫಾಂಟುಗಳಲ್ಲಿದ್ದವು. ನಮ್ಮ ಕಣ್ಣಿಗೆ ಕನ್ನಡ, ಸರ್ಚ್ ಇಂಜಿನ್ನಿಗೆ ಗೊಂದಲದ ಲ್ಯಾಟಿನ್ ಅಕ್ಷರ. ಆ ಕಾಲದ ಬರಹಗಳೆಲ್ಲ ವೆಬ್ಬಿನಲ್ಲಿದ್ದೂ ಇಲ್ಲದಂತೆ ಇದ್ದವು.

ಇದು ಬರೀ ತಾಂತ್ರಿಕ ತಕರಾರು ಅಲ್ಲ. ಬೆಳ್ಳಂದೂರು ಕೆರೆಯ ಪಕ್ಕ ಫ್ಲ್ಯಾಟ್ ಕೊಂಡವರು ಅಪಾರ್ಟ್‌ಮೆಂಟಿನ ಹೆಸರಿಗೆ, ಚದರಡಿ ಬೆಲೆಗೆ ಅಲರ್ಟ್ ಇಟ್ಟಿರುತ್ತಾರೆ. 2015ರಲ್ಲಿ ಆ ಕೆರೆಯ ನೊರೆಗೇ ಬೆಂಕಿ ಬಿತ್ತು. ಒಳಚರಂಡಿ, ನೊರೆ, ಶುದ್ಧೀಕರಣ ಘಟಕ ಅನ್ನುವ ಪದಗಳನ್ನು ಅದಕ್ಕೂ ಮುಂಚೆ ಎಷ್ಟು ಜನ ತಮ್ಮ ಪಟ್ಟಿಗೆ ಸೇರಿಸಿಕೊಂಡಿದ್ದರು? ನಮಗೆ ತಟ್ಟುವ ಎಷ್ಟೋ ಸುದ್ದಿಗಳು ನಾವು ಕೇಳದ ಪದಗಳಲ್ಲಿ ಬರುತ್ತವೆ.

ಹಾಗಂತ ಅಲರ್ಟ್ ಬಿಡಿ ಅಂತ ಹೇಳುತ್ತಿಲ್ಲ. ಲೂನ್ ಹೇಳಿದಂತೆ ಪ್ರೊಫೈಲನ್ನು ಆಗಾಗ ತಿದ್ದಿ. ವರ್ಷಕ್ಕೆ ಎರಡು ಸಲ ಪಟ್ಟಿ ತೆಗೆದು ಹಳಸಿದ ಪದ ಅಳಿಸಿ, ಹೆಸರಿನ ಬೇರೆ ಬೇರೆ ಕಾಗುಣಿತಗಳನ್ನು ಸೇರಿಸಿ. ನೀವು ಒಪ್ಪದ ವಾದದವರು ಬಳಸುವ ಒಂದು ಪದವನ್ನೂ ಇಟ್ಟುಕೊಳ್ಳಿ. ಗೆರ್ಕೆ ಮಾಡದೆ ಬಿಟ್ಟದ್ದು ಅದನ್ನೇ. ಭಾನುವಾರ ಒಂದು ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಟೆಂಡರ್ ಪ್ರಕಟಣೆಗಳನ್ನೂ ಬಿಡದೆ, ಓದಿ ನೋಡಿ. ನಿಮ್ಮ ರಸ್ತೆ ಯಾವಾಗ ಅಗೆಯುತ್ತಾರೆ ಅನ್ನುವುದು ಬಹುಶಃ ಅಲ್ಲೇ ಎಲ್ಲೋ ಮೂಲೆಯಲ್ಲಿ ಸಿಕ್ಕೀತು.