ಕಂಠಗ್ರಂಥಿಯೊಳಗಿನ ರಕ್ತಪ್ರವಾಹ ಕಣ್ಣಿಗೆ ಕಂಡ ಬಗೆ

1835ರಲ್ಲಿ ಡಬ್ಲಿನ್ನಿನ ವೈದ್ಯ ರಾಬರ್ಟ್ ಗ್ರೇವ್ಸ್ ಊದಿದ ಥೈರಾಯ್ಡನ್ನೂ ಎದೆಬಡಿತದ ವೇಗವನ್ನೂ ಒಂದೇ ವ್ಯಾಧಿಯ ಲಕ್ಷಣಗಳೆಂದು ವರ್ಣಿಸಿದ ಮೇಲೆ, ಆ ಗ್ರಂಥಿಯೊಳಗಿನ ರಕ್ತದ ರಭಸವನ್ನರಿಯಲು ವೈದ್ಯರಿಗೆ ಬಹುಕಾಲ ಒದಗಿದ್ದ ಸಾಧನಗಳೆಂದರೆ ಕಂಪನವನ್ನು ಗ್ರಹಿಸುವ ಬೆರಳು ಮತ್ತು ಮರ್ಮರವನ್ನಾಲಿಸುವ ಸ್ಟೆತಾಸ್ಕೋಪು. 1842ರಲ್ಲಿ ಪ್ರಾಗಿನಲ್ಲಿ ಭೌತವಿಜ್ಞಾನಿ ಡಾಪ್ಲರ್ ನಕ್ಷತ್ರಗಳ ಬೆಳಕನ್ನು ಕುರಿತು ಮಂಡಿಸಿದ್ದ, ಚಲನೆಯಿಂದ ತರಂಗದ ಆವರ್ತನ ಬದಲಾಗುತ್ತದೆಂಬ ತತ್ತ್ವವನ್ನು 1950ರ ದಶಕದಲ್ಲಿ ಜಪಾನಿನ ಸತೊಮುರಾ ಶ್ರವಣಾತೀತ ಧ್ವನಿಯ ನೆರವಿನಿಂದ ಹೃದಯಪರೀಕ್ಷೆಗೆ ಅಳವಡಿಸಿದರು. 1980ರ ದಶಕದಲ್ಲಿ ತೆರೆಯ ಮೇಲೆ ರಕ್ತಪ್ರವಾಹಕ್ಕೆ ಬಣ್ಣವೂ ಬಂದಿತು: ಧ್ವನಿ ಹೊಮ್ಮಿಸುವ ಶೋಧಕದತ್ತ ಹರಿಯುವ ರಕ್ತ ಸಾಮಾನ್ಯವಾಗಿ ಕೆಂಪು, ದೂರ ಸರಿಯುವುದು ನೀಲಿ. 1988ರಲ್ಲಿ ಅಮೆರಿಕದ ವೈದ್ಯರು ಗ್ರೇವ್ಸ್ ವರ್ಣಿಸಿದ ವ್ಯಾಧಿಯುಳ್ಳವರ ಗ್ರಂಥಿಯನ್ನು ಹೀಗೆ ನೋಡಲು, ತೆರೆಯ ತುಂಬ ವರ್ಣಕಣಗಳು ಮಿಡಿಯುತ್ತ ಕಾಡುಗಿಚ್ಚಿನಂತೆ ತೋರಿದವು. ಅಂಗಾಂಶದ ಅಲುಗಾಟವನ್ನು ಸೋಸುವಾಗ ಅದರೊಡನೆಯೇ ಅಳಿಸಿಹೋಗುತ್ತಿದ್ದ ಮಂದಗತಿಯ ಕಿರುನಾಳಗಳು ಮಾತ್ರ, ಅವೆರಡನ್ನೂ ವಿಂಗಡಿಸಬಲ್ಲ ಗಣಕವಿಧಾನಗಳು ಬಂದ ಈ ಶತಮಾನದಲ್ಲಷ್ಟೇ ಸ್ಫುಟವಾಗಿ ಗೋಚರವಾದವು.