ಬೌಬಜಾರಿನ ಬಾಗಿಲು

ಹಣಕಾಸು ಇಲಾಖೆಯ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದ ಚಂದ್ರಶೇಖರ ವೆಂಕಟ ರಾಮನ್ 1907ರಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಕಲ್ಕತ್ತೆಗೆ ಬಂದಿಳಿದಾಗ ಅವರಿಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಭೌತಶಾಸ್ತ್ರದ ಎಂ.ಎ. ಪದವಿ ಕೈಯಲ್ಲಿತ್ತು, ಇಂಗ್ಲೆಂಡಿನ ವಿಜ್ಞಾನ ಪತ್ರಿಕೆಯಲ್ಲಿ ಪ್ರಬಂಧವೊಂದು ಅಚ್ಚಾಗಿಯೂ ಇತ್ತು. ಆದರೆ ಅಂದಿನ ಭಾರತದಲ್ಲಿ ಸಂಶೋಧನೆಯನ್ನೇ ನಂಬಿ ಬದುಕುವ ಅವಕಾಶ ತೀರ ವಿರಳ. ಇಂಗ್ಲೆಂಡಿನ ಹವೆ ಈ ಬಡಕಲು ಹುಡುಗನಿಗೆ ಒಗ್ಗದೆಂದು ವೈದ್ಯರು ಹೇಳಿದ್ದರಿಂದ ಆ ದಾರಿಯೂ ಮುಚ್ಚಿತ್ತು. ಉಳಿದದ್ದು ಲೆಕ್ಕಪತ್ರ.

ರಾಮನ್ ಅದರಲ್ಲಿ ಸೋತರೆಂದೇನೂ ಅಲ್ಲ. ಹತ್ತು ವರ್ಷ ಸಮರ್ಥ ಅಧಿಕಾರಿಯೆನಿಸಿಕೊಂಡೇ ದುಡಿದರು. ಒಗ್ಗದ ಕೆಲಸದಲ್ಲಿ ಸೋತವನು ಬೇರೆ ದಾರಿ ಹುಡುಕಿಯಾನು. ಗೆದ್ದವನಿಗೆ ಬಡ್ತಿ ಸಿಗುತ್ತಾ ಹೋಗಿ, ನಿಜವಾದ ಒಲವು ಸದ್ದಿಲ್ಲದೆ ಆರಿಹೋಗುವ ಭಯವೇ ಹೆಚ್ಚು.

ಹಾಗಾಗದಂತೆ ತಡೆದದ್ದು ಒಂದು ನಾಮಫಲಕ. ಟ್ರಾಮಿನಲ್ಲಿ ಹೋಗುತ್ತಿದ್ದಾಗ ಬೌಬಜಾರ್ ಬೀದಿಯ 210ನೇ ನಂಬರಿನ ಕಟ್ಟಡದ ಮೇಲೆ ಅವರು ಅದನ್ನು ಕಂಡರು: 'ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್'. ಭಾರತೀಯರು ತಮ್ಮದೇ ನೆಲೆಯಲ್ಲಿ ವಿಜ್ಞಾನ ಬೆಳೆಸಬೇಕೆಂಬ ಹಂಬಲದಿಂದ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಅವರು ಚಂದಾ ಎತ್ತಿ 1876ರಲ್ಲಿ ಕಟ್ಟಿದ ಸಂಸ್ಥೆ ಇದು. ವಿಜಯನಗರಂ ಮಹಾರಾಜರ ನೆರವಿನಿಂದ ಪ್ರಯೋಗಶಾಲೆಯೂ ಬಂತು. ಉಪನ್ಯಾಸ ಕೇಳಲು ಜನ ಬಂದರು. ಪ್ರಯೋಗ ಮಾಡಲು ಮಾತ್ರ ಯಾರೂ ಬರಲಿಲ್ಲವೆಂದರೂ ಸಲ್ಲುತ್ತದೆ. ಆ ಕೊರಗಿನಲ್ಲೇ ಸರ್ಕಾರ್ 1904ರಲ್ಲಿ ತೀರಿಕೊಂಡರು. ಇನ್ನು ಮೂರೇ ವರ್ಷ ಬದುಕಿದ್ದರೆ!

ಬಾಗಿಲು ತಟ್ಟಿದ ತರುಣನನ್ನು ಆಗಿನ ಕಾರ್ಯದರ್ಶಿ ಅಮೃತಲಾಲ್ ಸರ್ಕಾರ್ ಆದರದಿಂದ ಬರಮಾಡಿಕೊಂಡರು. ಅಲ್ಲಿಂದ ಮುಂದೆ ರಾಮನ್ನರ ದಿನಚರಿ ಕಚೇರಿಗೆ ಮುಂಚೆ ಪ್ರಯೋಗ, ಕಚೇರಿ ಮುಗಿದ ಮೇಲೆ ಮತ್ತೆ ಪ್ರಯೋಗ. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾಗಿ 1911ರಲ್ಲಿ ಮರಳಿದವರು ಮುಂದೆ ಸಂಸ್ಥೆಯ ಪಕ್ಕದ ಮನೆಯಲ್ಲೇ ಬಿಡಾರ ಹೂಡಿದರು. ಮನೆಯಿಂದ ನೇರವಾಗಿ ಪ್ರಯೋಗಶಾಲೆಗೆ ಒಂದು ಬಾಗಿಲಿತ್ತು.

ಅಲ್ಲಿದ್ದ ಉಪಕರಣಗಳು ಸಾಧಾರಣವಾದವು. ಆದರೆ ರಾಮನ್ನರ ಶಕ್ತಿ ಇದ್ದದ್ದು ದೊಡ್ಡ ಯಂತ್ರಗಳಲ್ಲಲ್ಲ, ಕಣ್ಣು ಕಿವಿಗಳ ಚುರುಕಿನಲ್ಲಿ. ಪಿಟೀಲು, ವೀಣೆಗಳ ತಂತಿಯ ಕಂಪನವನ್ನು ಅಭ್ಯಸಿಸಿದರು. ಸಾಮಾನ್ಯ ಚರ್ಮವಾದ್ಯದಲ್ಲಿ ಬರೀ ಸದ್ದು ಹುಟ್ಟಿದರೆ ಮೃದಂಗ, ತಬಲಾಗಳಲ್ಲಿ ನಾದ ಹುಟ್ಟುವುದೇಕೆ? ಚರ್ಮದ ನಡುವೆ ಮೆತ್ತುವ ಕಪ್ಪು ಲೇಪದ ಭಾರವು ಉಪಸ್ವರಗಳನ್ನು ಶ್ರುತಿಗೆ ಹೊಂದಿಸುತ್ತದೆಂದು ಅವರು ತೋರಿಸಿದರು. ನಮ್ಮ ವಾದ್ಯ ತಯಾರಕರು ಕೈಯಳತೆಯಲ್ಲೇ ಸಾಧಿಸಿದ್ದ ಜಾಣ್ಮೆಗೆ ಭೌತಶಾಸ್ತ್ರ ಕೊಟ್ಟ ಮನ್ನಣೆಯಿದು.

1917ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕ ಪೀಠ ಒದಗಿತು. ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ಷರತ್ತಿತ್ತು, ರಾಮನ್ ಹೋಗಲೊಲ್ಲೆನೆಂದರು. ಆಶುತೋಷ್ ಮುಖರ್ಜಿ ಅವರು ಷರತ್ತನ್ನೇ ಸಡಿಲಿಸಿದರು. ಸಂಬಳ ಹೆಚ್ಚುಕಡಿಮೆ ಅರ್ಧಕ್ಕಿಳಿದರೂ ರಾಮನ್ ಸರ್ಕಾರಿ ಹುದ್ದೆಗೆ ರಾಜೀನಾಮೆ ಕೊಟ್ಟರು. 1928ರಲ್ಲಿ ಬೆಳಕಿನ ಚದರಿಕೆಯ ಹೊಸ ಪರಿಣಾಮ ಕಾಣಿಸಿದ್ದು ಬೌಬಜಾರಿನ ಆ ಕಟ್ಟಡದಲ್ಲೇ. 1930ರಲ್ಲಿ ನೊಬೆಲ್ ಬಂತು.

ಇಂಥವರೂ ಮುಂದೆ ಒಮ್ಮೆ ಒಗ್ಗದ ಕುರ್ಚಿಯಲ್ಲಿ ಕುಳಿತರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಭೌತಶಾಸ್ತ್ರ ವಿಭಾಗವನ್ನು ಕಟ್ಟಿದರು. ಆದರೆ ಸಮಿತಿ, ಹಣದ ಹಂಚಿಕೆ, ಸಹೋದ್ಯೋಗಿಗಳ ಅಸಮಾಧಾನಗಳನ್ನು ನಯವಾಗಿ ನಿಭಾಯಿಸುವುದು ಅವರ ಸ್ವಭಾವವಲ್ಲ. 1937ರಲ್ಲಿ ನಿರ್ದೇಶಕತ್ವ ಬಿಡಬೇಕಾಯಿತು. ಅವಮಾನವೆಂದು ಊರು ಬಿಡಲಿಲ್ಲ. ಅಲ್ಲೇ ಪ್ರಾಧ್ಯಾಪಕರಾಗಿ ಉಳಿದರು. 1948ರಲ್ಲಿ ನಿವೃತ್ತರಾದ ಮೇಲೆ ಮೈಸೂರು ಸರ್ಕಾರ ಕೊಟ್ಟಿದ್ದ ಜಾಗದಲ್ಲಿ ಎದ್ದು ನಿಂತ ತಮ್ಮದೇ ಸಂಶೋಧನಾಲಯ ಸೇರಿ, 1970ರಲ್ಲಿ ಕಣ್ಣು ಮುಚ್ಚುವವರೆಗೆ ವಜ್ರದ ಹೊಳಪು, ಹೂವಿನ ಬಣ್ಣಗಳ ಗುಟ್ಟನ್ನು ಅರಸುತ್ತಿದ್ದರು.